ಒತ್ತಿನೆಣೆವರೆಗೆ ಒಂದು ಟ್ರಯಲ್

"ಹ್ವಾಯ್... ಒಳ್ಗೆ ಯಾರಾರೂ ಇದ್ರ್ಯಾ?"

ಆ ದನಿ ಕೇಳಿದ್ದೇ ಲೆಕ್ಕ ಬರೆಯುತ್ತಿದ್ದ ವಿನಯಾಳ ಕೈ ನಿಂತಿತು.

ಕೋಟೇಶ್ವರದ ಹೆದ್ದಾರಿ ಬದಿಯ ಈ ಕಾರ್ ಆಕ್ಸೆಸರೀಸ್ ಅಂಗಡಿ ಅವಳ ಅಪ್ಪನದು. ಅಪ್ಪ ಹಾಸಿಗೆ ಹಿಡಿದ ಮೇಲೆ ನಡೆಸುತ್ತಿರುವವಳು ಅವಳೇ. ದಿನವಿಡೀ ಬಸ್ಸುಗಳ ಹಾರ್ನು, ಧೂಳು, ಗಿರಾಕಿಗಳ ಅವಸರ. ಇತ್ತೀಚೆಗೆ ತಲೆ ಎತ್ತಿ ಒಬ್ಬರ ಮುಖ ನೋಡುವುದೂ ಅವಳಿಗೊಂದು ಕೆಲಸದಂತೆ ಅನಿಸುತ್ತಿತ್ತು.

ಆದರೂ ತಲೆ ಎತ್ತಿದಳು.

ಅವನೇ! ಬಿಜೂರಿನ ಅಜಿತ್!

ಕೆಲವು ವರ್ಷಗಳ ಹಿಂದೆ ಅವಳನ್ನು ನೋಡಲು ಮನೆಗೆ ಬಂದಿದ್ದವನು. ಅಂಗಳದಲ್ಲಿ ಇಬ್ಬರೂ ನಿಂತು ಮಾತಾಡಿದ್ದು ಸ್ವಲ್ಪ ಹೊತ್ತು. ಅಷ್ಟರಲ್ಲೇ ಅವಳ ಮನಸ್ಸು ಒಪ್ಪಿತ್ತು. ಎರಡೂ ಕಡೆಯ ಹಿರಿಯರು "ಸುದ್ದಿ ಬರ್ಲಿ" ಎಂದು ಎದ್ದರು.

ಸುದ್ದಿ ಬರಲೇ ಇಲ್ಲ.

ಆ ಊರುಗಳ ಕಡೆ ಸಂಬಂಧ ಬೇಡವಾದರೆ ಯಾರೂ ಬಾಯಿ ಬಿಟ್ಟು ಬೇಡ ಎನ್ನುವುದಿಲ್ಲ. ಸುಮ್ಮನಿರುತ್ತಾರೆ. ಅದೇ ಉತ್ತರ. ಅದು ಮನೆಯಲ್ಲಿ ಎಲ್ಲರಿಗೂ ಅರ್ಥವಾಗಿತ್ತು, ಅವಳಿಗೂ. ಆಮೇಲೆ ಬಂದ ಸಂಬಂಧಗಳಿಗೆಲ್ಲ ಅವಳು ಏನೋ ನೆಪ ಹೇಳುತ್ತ ಬಂದಳು.

ಅಜಿತ್ ಕೈಯಲ್ಲಿದ್ದ ಉದ್ದನೆಯ ರಟ್ಟಿನ ಪೆಟ್ಟಿಗೆಯನ್ನು ಮೇಜಿನ ಮೇಲಿಟ್ಟ. ಗುರುತು ಸಿಕ್ಕಿದ ಲಕ್ಷಣವೇ ಅವನ ಮುಖದಲ್ಲಿರಲಿಲ್ಲ. ಕಣ್ಣಿನ ಸುತ್ತ ಕಪ್ಪು. ಅವನೂ ಬಹಳ ದಣಿದಂತಿದ್ದ.

"ಗಾಡಿ ಟಾಪಿಗೆ ರೇಲ್ಸ್. ಕೂರ್ಸಿ ಕೊಡ್ಕಿತ್ತ್."

"ಮೇಲೆ ಎಂತ ಹಾಕ್ತ್ರಿ?"

"ಟೆಂಟ್. ರಾತ್ರಿ ಮನಿಕಂಬುಕೆ."

"ಕಾರಿನ್ ಮೇಲಾ? ಮನೆಯಲ್ಲ್ ಜಾಗ ಇಲ್ಲ್ಯಾ ಮಾರಾಯ್ರೆ?" ಎಂದು ಒಳಗಿಂದ ಕೂಗಿದ ಕಿಟ್ಟ, ಅಂಗಡಿಯ ಹಳೆಯ ಫಿಟ್ಟರ್.

ವಿನಯಾ ಪೆಟ್ಟಿಗೆಯಿಂದ ರೇಲ್ಸ್‌ನ ಉದ್ದ ಕಂಬಿಗಳನ್ನು ತೆಗೆದು ತಿರುಗಿಸಿ ನೋಡಿದಳು. ಹಿಂದೆ ಬರೀ ಗಮ್ಮಿನ ಪಟ್ಟಿ.

"ಇದ್ ಅಲಂಕಾರಕ್ಕ್. ಟೆಂಟ್ ಹೊತ್ಕಂಡ್ ಬ್ರೇಕ್ ಹಾಕ್ರೆ ಟೆಂಟ್ ನಿಮ್ಗಿಂತ ಮುಂದ್ ಹೋತ್ತ್! ಇದನ್ನ ನಾನ್ ಅಂಟ್ಸುದಿಲ್ಲೆ. ಬೋಲ್ಟ್ ಹಾಕುವಂತದ್ ತರ್ಸ್ಕ್."

"ತರ್ಸಿ. ನಾನ್ ಕಾಯ್ತೆ."

ಕಾಯ್ತಾನಂತೆ! ಕಾದವರು ಯಾರು ಅಂತ ಇವನಿಗೆ ಗೊತ್ತಾ?

"ಕೆಲ್ಸ ಮುಗ್ದ ಕೂಡ್ಲೇ ಹೊರ್ಡುದ್," ಎಂದ ಅಜಿತ್. "ಮತ್ತ್ ಈ ಬದಿಗೆ ಯಾವಾಗ ಬತ್ನೋ, ಗೊತ್ತಿಲ್ಲೆ."

ಕೇಳುವುದಾದರೆ ಅಷ್ಟರೊಳಗೆ ಕೇಳಬೇಕು. 'ನನ್ನಲ್ಲಿ ಏನು ಕಮ್ಮಿ ಇತ್ತು?' ಇದೊಂದು ಪ್ರಶ್ನೆ ಕೇಳದೆ ಇವನನ್ನು ಕಳಿಸಿದರೆ ಉಳಿದ ಆಯುಷ್ಯವೆಲ್ಲ ಅದನ್ನು ಹೊತ್ತುಕೊಂಡೇ ಇರಬೇಕು... ಆದರೆ ಕೇಳುವುದು ಹೇಗೆ?

ರೇಲ್ಸ್ ಬಂದ ದಿನ ಅವಳೇ ಸ್ಟೂಲ್ ಹತ್ತಿದಳು. ಟಾಪಿನ ಎರಡೂ ಬದಿಯ ಪ್ಲಾಸ್ಟಿಕ್ ಪಟ್ಟಿ ಕಿತ್ತಳು. ಅದರ ಕೆಳಗೆ ಕಂಪೆನಿಯವರೇ ಬಿಟ್ಟಿದ್ದ ಬೋಲ್ಟಿನ ತೂತುಗಳಿದ್ದವು. ನೀರು ಇಳಿಯದಂತೆ ರಬ್ಬರ್ ವಾಷರ್ ಇಟ್ಟು, ಸೀಲೆಂಟ್ ಹಚ್ಚಿ ಬಿಗಿದಳು. ಓಡುವ ಗಾಡಿಯ ಟಾಪ್ ಎಷ್ಟು ಭಾರ ತಾಳುತ್ತದೆಂದು ಗಾಡಿಯ ಪುಸ್ತಕದಲ್ಲಿ ನೋಡಿಕೊಂಡಳು. ಟೆಂಟ್ ಕೂರುವ ಅಡ್ಡ ಪಟ್ಟಿ, ಟೆಂಟ್ ಎರಡೂ ಸೇರಿ ಆ ಮಿತಿಯೊಳಗೇ ಇದ್ದವು.

ಅಜಿತ್ ತಂದಿದ್ದ ಟೆಂಟ್ ಮೇಲೆ ಕೂರಿಸಿ, ಬಿಚ್ಚಿ ನೋಡುವಾಗ ಒಳಗೆ ಎರಡು ದಿಂಬುಗಳಿದ್ದವು.

ಎರಡು...! ಮದುವೆಯಾಗಿದೆ ಹಾಗಾದರೆ. ಇನ್ನು ಕೇಳಿ ಏನು ಪ್ರಯೋಜನ? ಅವಳು ಸದ್ದಿಲ್ಲದೆ ಟೆಂಟ್ ಮಡಚಿದಳು.

ಆದರೆ ಅಂಗಡಿಯದೊಂದು ಕ್ರಮವಿತ್ತು. ಮೊದಲ ಓಟದಲ್ಲಿ ಬೋಲ್ಟುಗಳು ಸ್ವಲ್ಪ ಸಡಿಲವಾಗುತ್ತವೆ. ಆದ್ದರಿಂದ ಟಾಪಿನ ಕೆಲಸ ಮಾಡಿದ ಗಾಡಿಯಲ್ಲಿ ಅಂಗಡಿಯವರೊಬ್ಬರು ದೂರದವರೆಗೆ ಹೋಗಿ, ಮತ್ತೊಮ್ಮೆ ಬಿಗಿದೇ ಬಿಡಬೇಕು. ಅಪ್ಪ ಮಾಡಿದ ಕ್ರಮ. ಅವಳು ತಪ್ಪಿಸಿದವಳಲ್ಲ.

"ಕಿಟ್ಟಣ್ಣ, ನೀವ್ ಹೋಯ್ನಿ."

"ನಂಗ್ ಕಾರಲ್ಲ್ ಕೂಕಂಡ್ರೆ ವಾಂತಿ ಬತ್ತ್ ಅಂದೇಳಿ ಗೊತ್ತಿಲ್ಲ್ಯಾ ಅಕ್ಕ?"

ಕಾರಿನ ಕೆಲಸದಲ್ಲೇ ತಲೆ ಹಣ್ಣಾದ ಮನುಷ್ಯ! ವಿನಯಾಳೇ ಹತ್ತಿದಳು.

ಕುಂದಾಪುರದ ಫ್ಲೈಓವರ್ ಕಳೆಯಿತು, ಹೆಮ್ಮಾಡಿ ಕಳೆಯಿತು. ಮರವಂತೆಯಲ್ಲಿ ಎಡಕ್ಕೆ ಸಮುದ್ರ ಬಂತು. ಅಜಿತ್ ಆಕಳಿಸಿದ.

"ನಿದ್ರೆ ಮಾಡ್ಲಿಲ್ಯಾ?"

"ಮುಂಬೈಲಿ ನಮ್ದ್ ಹೋಟ್ಲ್. ಹಾಲಿನ ಗಾಡಿ ಬಪ್ಪುದ್ರೊಳಗೆ ಏಳ್ಕ್. ಸಾಕಾಯ್ತ್. ಈಗ ತಮ್ಮಂಗ್ ಬಿಟ್ಟ್ ಬಂದೆ. ಯಾರೂ ಎಬ್ಸದ್ ಕಡೆ ಹೋಯಿ ಮನಿಕಣ್ಕ್, ಅಷ್ಟೇ."

"ನಿಮ್ಮ ಮನೆಯವ್ರಿಗೂ ಅದೇ ಆಸೆಯಾ?"

"ಯಾವ ಮನೆಯವ್ರ್?"

"ದಿಂಬು ಎರಡು ಇತ್ತಲ್ದಾ..."

"ಅದ್ ಟೆಂಟಿನೊಟ್ಟಿಗೆ ಬಂದದ್ ಮಾರಾಯ್ರೆ! ನಂಗ್ ಮದಿ ಆಯ್ಲಿಲ್ಲೆ."

ವಿನಯಾ ಕಿಟಕಿಯ ಕಡೆ ತಿರುಗಿ ಕುಳಿತಳು.

ಬೈಂದೂರು ದಾಟಿ ಒತ್ತಿನೆಣೆಯ ಗುಡ್ಡದಲ್ಲಿ ಗಾಡಿ ನಿಂತಾಗ ಬಿಸಿಲು ಇಳಿಯುತ್ತಿತ್ತು. ಅವಳು ಬೋಲ್ಟುಗಳನ್ನೆಲ್ಲ ಮತ್ತೆ ಬಿಗಿದಳು. ಒಂದೆರಡು ಸ್ವಲ್ಪ ತಿರುಗಿದವು, ಅಷ್ಟೇ. ಟೆಂಟ್ ಬಿಚ್ಚಿಸಿ, ಕಿರುಗುಟ್ಟುತ್ತದೋ ನೋಡಲು ಏಣಿ ಹತ್ತಿ ಒಳಗೆ ಮಲಗಿದಳು.

ಹಾಸಿಗೆಗೆ ಬೆನ್ನು ತಾಗಿದ್ದೇ ಮೈಯೆಲ್ಲ ಸೋತುಹೋಯಿತು. ಹಗಲಿನಲ್ಲಿ ಹೀಗೆ ಮಲಗಿ ಎಷ್ಟು ಕಾಲವಾಯಿತು! ಯಾಕೋ ಕಣ್ಣು ತುಂಬಿತು.

ಕೆಳಗೆ ಏಣಿ ಹಿಡಿದು ನಿಂತಿದ್ದ ಅಜಿತ್ ಕೇಳಿದ.

"ಸದ್ದ್ ಬತ್ತಾ?"

"ಇಲ್ಲೆ."

"ವಿನಯಾ..."

ಅವಳು ಮಲಗಿದಲ್ಲೇ ಏಣಿಯ ಕಡೆ ಹೊರಳಿದಳು. "ನನ್ ಗುರ್ತ್ ಇತ್ತಾ ನಿಮ್ಗ್?"

"ನಿಮ್ಮ ಅಪ್ಪಯ್ಯನ ಹೆಸ್ರಿನ ಬೋರ್ಡ್ ಹುಡ್ಕಂಡೇ ಬಂದದ್. ಬಿಜೂರಿಂದ ಕೋಟೇಶ್ವರದವರೆಗೆ ಬೇರೆ ಅಂಗಡಿ ಇಲ್ಲ್ಯಾ?"

"ಮತ್ತೆ ಗುರ್ತ್ ಇಲ್ದವ್ರ್ ಹಾಂಗೆ ಎಂತಕೆ ನಿಂತ್ರಿ?"

"ಬ್ಯಾಡ ಅಂದವ್ರ್ ಎದ್ರ್ ಮತ್ತ್ ಹ್ಯಾಂಗ್ ನಿಲ್ಲುದ್?"

ವಿನಯಾ ದಡಕ್ಕನೆ ಎದ್ದಳು. ಟೆಂಟಿನ ಕಂಬಿಗೆ ತಲೆ ಬಡಿಯಿತು.

"ಬ್ಯಾಡ ಅಂದದ್ ಯಾರ್?!"

"ನಿಮ್ಮ ಬದಿಯಿಂದ ಸುದ್ದಿಯೇ ಬರ್ಲಿಲ್ಲೆ. ನಮ್ಮ ಮನೆ ಕ್ರಮದಲ್ಲ್ ಹೆಣ್ಣಿನ ಸೋದರಮಾವ ಬಂದ್ ಒಪ್ಪಿಗೆ ಹೇಳುದ್. ಅಮ್ಮ ದಿನಾ ಗೇಟ್ ಕಾಂತಾ ಕೂಕಂಡಿದ್ರ್."

"ನಮ್ಮ ಮನೆಯಲ್ಲ್ ಗಂಡಿನ ಬದಿಯವ್ರೇ ಮೊದ್ಲ್ ಹೇಳುದ್! ಮಾವ ಆ ತಿಂಗ್ಳ್ ಪೂರಾ ಎಲ್ಲಿಗೂ ಹೋಗ್ದೆ ಮನೆಯಲ್ಲೇ ಇದ್ರ್, ನಿಮ್ಮವ್ರ್ ಬಂದಾಗ ಇರ್ಕ್ ಅಂದೇಳಿ..."

ಕೆಳಗೆ ಒಂದು ಲಾರಿ ಏದುಸಿರು ಬಿಡುತ್ತ ಗುಡ್ಡ ಏರಿತು.

ಎರಡು ಮನೆ. ಎರಡೂ ಕಡೆ ಬಾಗಿಲು ತೆರೆದೇ ಇತ್ತು. ಹೊಸ್ತಿಲು ದಾಟಿದವರು ಮಾತ್ರ ಯಾರೂ ಇಲ್ಲ. ಇಷ್ಟಕ್ಕೇನಾ... ಇಷ್ಟು ವರ್ಷ ಹೋದದ್ದು ಇಷ್ಟಕ್ಕೇನಾ! ಅವಳಿಗೆ ಅಳಬೇಕೋ ನಗಬೇಕೋ ತಿಳಿಯಲಿಲ್ಲ.

"ನೀವಾರೂ ಒಂದ್ ಫೋನ್ ಮಾಡ್ಲಾಗಿತ್ತಲ್ದಾ?"

"ಬ್ಯಾಡ ಅಂದ ಹೆಣ್ಣಿಗೆ ಫೋನ್ ಮಾಡುದ್ ಮರ್ಯಾದಿ ಅಲ್ಲ ಅಂದ್ಕಂಡೆ. ನೀವ್?"

"ನಾನೂ ಅದೇ ಅಂದ್ಕಂಡೆ..."

ಅವಳು ಟೆಂಟಿನ ಬಾಯಿಗೆ ಬಂದು ಕುಳಿತಳು. ಅವನು ಮುಖ ಎತ್ತಿ ನೋಡುತ್ತಿದ್ದ. ಆ ದಣಿದ ಕಣ್ಣುಗಳಲ್ಲಿ ಭಯವೂ ಇತ್ತು.

"ನನ್ ಮನಸ್ಸ್ ಅಂಗಳದಲ್ಲ್ ನಿಂತ ದಿನವೇ ಒಪ್ಪಿತ್ತ್ ವಿನಯಾ. ಇವತ್ತಿಗೂ ಹಾಂಗೇ ಇತ್ತ್. ನಿಮ್ದ್?"

"ನಂಗ್ ಸಾಕಾಯ್ತ್ ಅಜಿತ್."

ಅವನ ಮುಖ ಬಾಡಿತು.

"ಕಾದ್ ಕಾದ್ ಸಾಕಾಯ್ತ್," ಎಂದಳು ಅವಳು. "ಇನ್ನ್ ಒಂದ್ ದಿನ ಕಾಯುಕೆ ನನ್ಕೈಲ್ ಆತಿಲ್ಲೆ. ಈಗ್ಳೇ ಬಿಜೂರಿಗೆ ಹೋಪ. ನಿಮ್ಮ ಅಮ್ಮನ ಹತ್ರ ನಾನೇ ಹೇಳ್ತೆ, ನಂಗ್ ಒಪ್ಪಿಗೆ ಅಂದೇಳಿ."

"ಸೋದರಮಾವ ಬಪ್ಪುದ್ ಬ್ಯಾಡ್ದಾ?"

"ಮಾವಂಗೆ ಮದಿ ಊಟಕ್ಕೆ ಬಪ್ಪುಕ್ ಹೇಳುವ!"

ಅಜಿತ್ ನಕ್ಕ. ನಗುತ್ತಲೇ ತೋಳಿನಿಂದ ಕಣ್ಣೊರೆಸಿಕೊಂಡು ಕೈ ಚಾಚಿದ. ಅವಳು ಆ ಕೈ ಹಿಡಿದು ನಿಧಾನವಾಗಿ ಏಣಿ ಇಳಿದಳು. ಇಬ್ಬರೂ ಸೇರಿ ಟೆಂಟ್ ಮಡಚಿದರು. ಗಾಡಿ ಹತ್ತಿ ಕುಳಿತ ಮೇಲೆ ಅವಳು ಮತ್ತೆ ಅವನ ಕೈ ಹಿಡಿದಳು.

"ಗಾಡಿ ಬಿಡುಕೆ ಎರಡೂ ಕೈ ಬೇಕಲ್ದಾ ಮಾರಾಯ್ತಿ..."

"ಹಾಂಗಾರೆ ಒಂಚೂರ್ ಹೊತ್ತ್ ಹೀಂಗೇ ಕೂಕಂಬ," ಎಂದಳು ವಿನಯಾ. "ಬಿಜೂರು ಎಂತ ದೂರ ಇತ್ತಾ?"