ಮೂರನೆಯ ಗೋಪುರದ ಹಸಿರು ಚುಕ್ಕಿ

ಸೆರಗು ಬಿಚ್ಚಿ ಹಾಸಿದ ಕೂಡಲೇ ಮಹೇಶ್ವರಿ ಕೂಗಿದಳು:

"ಇದು ನಂದು! ಈ ಸೆರಗು ನಂದು!"

ಕುಳಗೇರಿ ಕ್ರಾಸಿನ ಆ ಸೀರೆ ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. ಕಡುಗೆಂಪು ಸೆರಗು, ಬಿಳಿ ಗೋಪುರಗಳ ಸಾಲು, ಒಂದೊಂದು ಗೋಪುರದ ಮೇಲೂ ಜೋಡಿ ಗುಬ್ಬಿ. ಮೂರು ತಿಂಗಳು ಲ್ಯಾಪ್‌ಟಾಪಿನ ಮುಂದೆ ಕೂತು ಅವಳು ಬಿಡಿಸಿದ ಚಿತ್ರ. ಇಳಕಲ್ಲಿನ ಅವಳ ಮಗ್ಗಕ್ಕೆ ಅದಿನ್ನೂ ಏರಿಯೇ ಇರಲಿಲ್ಲ!

ಅಂಗಡಿಯ ವಾಸುದೇವ ಮುಖ ಗಂಟಿಕ್ಕಿದ. "ಯಾರೋ ಒಬ್ಬಾಕಿ ಹುಡುಗಿ ಚಿತ್ರ ತಂದಿದ್ದಳ್ರೀ, ನಾ ನೇಯಿಸಿದೆ. ತಲಿ ಮ್ಯಾಲೆ ದುಪಟ್ಟಾ ಇತ್ತು. ಹೆಸರು ಕೇಳಿಲ್ಲ."

ಮಹೇಶ್ವರಿಗೆ ಅಷ್ಟು ಸಾಕಾಯಿತು. ಚಿತ್ರವನ್ನು ಪೆನ್ ಡ್ರೈವಿನಲ್ಲಿ ಹಾಕಿಕೊಂಡು ನೇಕಾರರು ನೋಡಿಕೊಂಡು ನೇಯುವ ಚೌಕಳಿ ಗ್ರಾಫ್ ಹಾಳೆಯ ಮೇಲೆ ಅಚ್ಚು ಮಾಡಿಸಲು ಹೋಗಿದ್ದವಳು ಒಬ್ಬಳೇ: ನಾಲ್ಕು ವರ್ಷದಿಂದ ಅವಳ ಕೈಕೆಳಗೆ ಕೆಲಸಕ್ಕಿದ್ದ ಆಯೇಶಾ.

ಮರುದಿನ ಬೆಳಿಗ್ಗೆ, ಓಣಿಯ ಜನರೆಲ್ಲ ನೋಡುತ್ತಿದ್ದಂತೆ, ಮಹೇಶ್ವರಿ ಆಯೇಶಾಳ ಚೀಲ ಕಸಿದು ನೆಲದ ಮೇಲೆ ಸುರುವಿದಳು. ಪಕ್ಕದಲ್ಲಿ ಮಹೇಶ್ವರಿಯ ಗಂಡನ ಅಣ್ಣ ರಾಚಯ್ಯ ನಿಂತಿದ್ದ. ಎಲ್ಲರಿಗಿಂತ ಜೋರಾಗಿ ಕೂಗಿದವನು ಅವನೇ. "ಇಂಥಾಕಿನ್ನ ಮನಿಯೊಳಗ ಬಿಟ್ಕೊಂಡಿದ್ದ ತಪ್ಪು! ಊರಾಗ ಯಾರೂ ಈಕಿಗೆ ಕೆಲಸಾ ಕೊಡಬ್ಯಾಡ್ರಿ!"

ಬೀದಿಯ ಈ ರಂಪ ನಡೆದದ್ದು ನನ್ನ ಅಂಗಡಿಯ ಎದುರಿಗೇ. ನಾನು ಸಂತೋಷಕುಮಾರ, ಇಳಕಲ್ ಬಸ್ ನಿಲ್ದಾಣದ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಮಾಡುತ್ತೇನೆ. ನನ್ನ ಅಂಗಡಿಯ ಮೇಲಿನ ಮನೆಯಲ್ಲಿ ಗುರುಸಿದ್ದವ್ವ ಇರುತ್ತಾರೆ. ಹುನಗುಂದ ಠಾಣೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತರಾದವರು. ಗದ್ದಲ ಕೇಳಿ ಅವರು ಕೆಳಗಿಳಿದು ಬಂದರು.

"ಚೀಲದಾಗ ಏನ್ ಸಿಕ್ತು?"

"ಊಟದ ಡಬ್ಬಿ," ಎಂದೆ.

ಅವರು ಮಹೇಶ್ವರಿಯತ್ತ ತಿರುಗಿದರು. "ಮಹೇಶ್ವರಿ, ಆ ಸೀರಿ ತಂದೀ ಏನು? ತಾ ಇಲ್ಲೆ. ಲ್ಯಾಪ್‌ಟಾಪನೂ ತಾ. ಆಯೇಶಾ, ನೀ ಆ ಪೆನ್ ಡ್ರೈವ್ ಕೊಡು. ಯಾರೂ ಮನಿಗೆ ಹೋಗಬ್ಯಾಡ್ರಿ."

ಅಂಗಡಿಯ ಮೇಜಿನ ಮೇಲೆ ಸೆರಗು ಹಾಸಿದೆವು. ಗುರುಸಿದ್ದವ್ವ ಕನ್ನಡಕ ಏರಿಸಿ, ಗೋಪುರ ಗೋಪುರವಾಗಿ ಬೆರಳು ಸರಿಸಿದರು. ಬೆರಳು ನಿಂತಿತು.

"ಇದೇನಿದು?"

ಮೂರನೆಯ ಗೋಪುರದ ಪಕ್ಕದ ಕೆಂಪಿನಲ್ಲಿ ಒಂದೇ ಒಂದು ಹಸಿರು ಚುಕ್ಕಿ. ಸಾಸಿವೆ ಕಾಳಿನಷ್ಟು.

"ನೇಯೂವಾಗ ಆದ ತಪ್ಪಿರಬೇಕು," ಎಂದ ರಾಚಯ್ಯ.

"ತಪ್ಪಾದ್ರ ಒಂದ ಕಡೆ ಆಕ್ಕೈತಿ. ಇಲ್ಲಿ ನೋಡ್ರಿ, ಸೆರಗಿನ ಈ ತುದಿಗೂ, ಆ ಅರ್ಧಕ್ಕೂ, ಚಿತ್ರ ಮತ್ತ ಸುರು ಆದಾಗೊಮ್ಮೆ ಅದ ಜಾಗಾದಾಗ ಚುಕ್ಕಿ ಐತಿ. ಅಂದ್ರ ಗ್ರಾಫಿನಾಗ ಇತ್ತು. ಮಹೇಶ್ವರಿ, ನೀ ಹಸಿರು ಇಟ್ಟಿದ್ದೇನು?"

"ಇಲ್ರೀ! ನನ್ನ ಚಿತ್ರದಾಗ ಹಸಿರ ಇಲ್ಲ."

ಗುರುಸಿದ್ದವ್ವ ನನ್ನ ಕಡೆ ತಿರುಗಿದರು. "ಸಂತೋಷಾ, ಪೆನ್ ಡ್ರೈವ್ ನಿನ್ನ ಮಷೀನಿಗೆ ಹಾಕು."

ಹಾಕಿದೆ. ಕೆಂಪು, ಬಿಳಿ. ಹಸಿರಿನ ಸುಳಿವೇ ಇಲ್ಲ.

"ಈಗ ಆಕಿ ಲ್ಯಾಪ್‌ಟಾಪಿನಾಗ ತಗಿ."

ತೆಗೆದೆ. ಕೆಂಪು ಪರದೆಯ ನಡುವೆ ಹಸಿರು ಚುಕ್ಕಿ ಉರಿಯುತ್ತಿತ್ತು! ನನಗೆ ಅದು ಹೊಸದಲ್ಲ. ಆ ಲ್ಯಾಪ್‌ಟಾಪ್ ಕೊಂಡ ವಾರದಲ್ಲೇ ಮಹೇಶ್ವರಿ ನನ್ನ ಹತ್ತಿರ ತಂದಿದ್ದಳು. ಪರದೆಯ ಲಕ್ಷಾಂತರ ಪಿಕ್ಸೆಲ್‌ಗಳಲ್ಲಿ ಒಂದು ಹಸಿರಿಗೇ ಸಿಕ್ಕಿಹಾಕಿಕೊಂಡಿತ್ತು. ಕಂಪನಿಗೆ ಫೋನ್ ಮಾಡಿದರೆ, 'ಒಂದು ಚುಕ್ಕಿ ದೋಷವಲ್ಲ, ಐದಾದ ಮೇಲೆ ಬನ್ನಿ' ಎಂದಿದ್ದರು. ಅಗ್ಗದ ಮಾಲು ಕೊಂಡವರಿಗೆ ಕಣ್ಣಿಲ್ಲವೆಂದು ಅವರ ಲೆಕ್ಕ. ಆ ದಿನ ಬಂದ ಸಿಟ್ಟು ನನಗಿನ್ನೂ ಇಳಿದಿಲ್ಲ.

"ಹಂಗಾದ್ರ ಈ ಲ್ಯಾಪ್‌ಟಾಪ್ ನಿನ್ನ ಅಂಗಡ್ಯಾಗೂ ಇತ್ತಲ್ಲೋ?" ಗುರುಸಿದ್ದವ್ವ ನನ್ನನ್ನೇ ದಿಟ್ಟಿಸಿದರು.

"ಇತ್ರೀ, ಎರಡು ದಿನ. ಆದ್ರ ಆವಾಗ ಈ ಚಿತ್ರ ಇನ್ನೂ ಹುಟ್ಟಿರಲಿಲ್ಲ."

"ಖರೆ ಐತ್ರಿ," ಎಂದಳು ಮಹೇಶ್ವರಿ.

"ಇರಲಿ. ವಾಸುದೇವಗ ಫೋನ್ ಹಚ್ಚು. ಜೋರಾಗಿ ಕೇಳೂ ಹಂಗ ಇಡು."

ಫೋನ್ ಎತ್ತಿದ ವಾಸುದೇವನಿಗೆ ಗುರುಸಿದ್ದವ್ವ ತಮ್ಮ ಹೆಸರು ಹೇಳಿ ಒಂದೇ ಪ್ರಶ್ನೆ ಕೇಳಿದರು. "ಆ ಹುಡುಗಿ ಚಿತ್ರ ಹೆಂಗ ತಂದು ಕೊಟ್ಟಳು?"

"ಪೆನ್ ಡ್ರೈವಿನಾಗ್ರಿ! ಅದರಿಂದನೇ ಗ್ರಾಫ್ ತೆಗೆಸಿದೆ."

ಗುರುಸಿದ್ದವ್ವ ಫೋನ್ ಕತ್ತರಿಸಿದರು.

"ಸುಳ್ಳು! ಪೆನ್ ಡ್ರೈವಿನಾಗ ಹಸಿರು ಇಲ್ಲ. ಹಸಿರು ಇರೂದು ಈ ಗಾಜಿನಾಗ. ಅಂದ್ರ ಕಳ್ಳ ಫೈಲ್ ಕದ್ದಿಲ್ಲ. ಮೊಬೈಲಿಲೆ ಈ ಪರದೆದ ಫೋಟೋ ಹೊಡದಾನ. ಗ್ರಾಫ್ ಬರದಾಂವಾ ಚುಕ್ಕಿನೂ ಚಿತ್ರದ ಭಾಗ ಅಂತ ತಿಳಕೊಂಡು ಹಾಳಿಯ ಒಂದು ಚೌಕಕ್ಕ ಹಸಿರು ತುಂಬ್ಯಾನ. ಫೈಲೇ ಕೈಯಾಗ ಇದ್ದಾಕಿ ಫೋಟೋ ಯಾಕ ಹೊಡೀತಾಳ?"

ಆಯೇಶಾ ಬಾಗಿಲಿಗೆ ಒರಗಿ ನಿಂತಿದ್ದಳು. ಅಳುತ್ತಿರಲಿಲ್ಲ. ಅವಳ ಕಣ್ಣುಗಳು ಕೆಂಡದಂತಿದ್ದವು.

"ಮತ್ತ ಯಾರು?" ಮಹೇಶ್ವರಿಯ ದನಿ ಕುಗ್ಗಿತ್ತು.

ಗುರುಸಿದ್ದವ್ವ ಪರದೆಯ ಚಿತ್ರವನ್ನು ಹಿಗ್ಗಿಸಿದರು. ಚುಕ್ಕಿ ಒಂದನೆಯ ಗೋಪುರದ ಬುಡಕ್ಕೆ ಬಿತ್ತು. ಸರಿಸಿದರು, ಗುಬ್ಬಿಯ ರೆಕ್ಕೆಗೆ ಬಿತ್ತು. "ಚುಕ್ಕಿ ನಿಂತಲ್ಲೇ ಐತಿ. ಚಿತ್ರ ಸರದಾಡತೈತಿ. ಮೂರನೇ ಗೋಪುರದ ಬಾಜೂಕ ಯಾವಾಗ ಬೀಳತೈತಿ?"

ನಾನು ಇಡೀ ಚಿತ್ರವನ್ನು ಪರದೆಯ ತುಂಬ ತೋರಿಸಿದೆ. ಚುಕ್ಕಿ ಸರಿಯಾಗಿ ಅಲ್ಲಿಗೇ ಬಂತು!

"ಮಹೇಶ್ವರಿ, ಹಿಂಗ ಪೂರ್ತಿ ಹಚ್ಚಿ ಯಾವಾಗ ಇಟ್ಟಿದ್ದಿ?"

"ನಾ ಒಂದೊಂದ ಗೋಪುರ ದೊಡ್ಡದ ಮಾಡ್ಕೊಂಡ ಬರೀತೇನ್ರಿ. ಪೂರ್ತಿ ತೋರ್ಸಿದ್ದು ಒಮ್ಮೆ ಅಷ್ಟ. ಆಯೇಶಾ ಆವತ್ತ ಬಾದಾಮಿಗೆ ಹೋಗಿದ್ದಳು. ನಾ ಚಾ ತರಾಕ ಒಳಗ..." ಅವಳು ನಿಧಾನವಾಗಿ ತಲೆ ತಿರುಗಿಸಿದಳು.

"ಭಾವಾರ? ಆವತ್ತ ನೋಡಾಕ ಬಂದಾವ್ರು ನೀವ."

ರಾಚಯ್ಯ ಎರಡು ಹೆಜ್ಜೆ ಹಿಂದೆ ಸರಿದ.

"ನಿಂದ್ರಿ!" ಗುರುಸಿದ್ದವ್ವನ ದನಿಗೆ ಹೊರಗಿನವರೂ ಬೆಚ್ಚಿದರು. "ಫೋಟೋ ಹೊಡದಾಂವಾ ನೀ. ವಾಸುದೇವಗ ಕೊಟ್ಟಾಂವಾ ನೀ. ದುಪಟ್ಟಾದ ಕತಿ ಕಲಿಸಿದಾಂವಾನೂ ನೀನ. ಯಾಕ?"

"ಮಗ್ಗ ನಮ್ಮಪ್ಪಂದು!" ಅವನು ಸಿಡಿದ. "ಹೆಸರು ಈಕಿದು! ಪ್ಯಾಟ್ಯಾಗ ಎಲ್ಲಾರೂ ಮಹೇಶ್ವರಿ ಸೆರಗು ಅಂತಾರ. ನಾ ಯಾರು?" ಆಮೇಲೆ ದನಿ ತಗ್ಗಿಸಿದ. "ಆಗಿದ್ದ ಆತು. ಮನಿ ಮಾತು ಮನ್ಯಾಗ ಇರಲಿ."

"ಈ ಹುಡುಗಿ ಹೆಸರು ಬೀದ್ಯಾಗ ನಿಂತು ಒದರೂವಾಗ ಮನಿ ನೆನಪಾಗಲಿಲ್ಲೇನು?" ಗುರುಸಿದ್ದವ್ವ ನನ್ನ ಮೇಜಿನಿಂದ ಬಿಳಿ ಹಾಳೆ ಎಳೆದು ಮಹೇಶ್ವರಿಯ ಮುಂದೆ ಇಟ್ಟರು. "ದೂರು ಬರಿ. ಠಾಣೆಗೆ ನಾ ಕರಕೊಂಡ ಹೋಗ್ತೇನಿ."

ಮಹೇಶ್ವರಿ ಬರೆದಳು. ಭಾವನ ಹೆಸರು ಬರೆಯುವಾಗ ಪೆನ್ನಿನ ಮೊನೆ ಹಾಳೆಯನ್ನೇ ಹರಿಯಿತು. ಬರೆದು ಮುಗಿಸಿ ಆಯೇಶಾಳ ಎದುರು ನಿಂತಳು. "ತಪ್ಪಾತವ್ವಾ. ನಾಳಿಂದ ಕೆಲಸಕ್ಕ ಬಾ."

"ಬರೂದಿಲ್ಲಕ್ಕಾ." ಆಯೇಶಾ ತನ್ನ ಚೀಲ ಹೆಗಲಿಗೇರಿಸಿದಳು. "ಒಂದ ಮಾತು ನನ್ನನ್ನ ಕೇಳಬಹುದಿತ್ತು. ನಾಲ್ಕು ವರ್ಷ ನಿಮ್ಮ ಗೆರಿ ತಿದ್ದೀನಿ. ಇನ್ನ ನನ್ನ ಗೆರಿ ನಾ ಬರೀತೇನಿ."

ಅವಳು ದುಪಟ್ಟಾ ಸರಿಮಾಡಿಕೊಂಡು, ಗುಂಪಿನ ನಡುವೆಯೇ ದಾರಿ ಮಾಡಿಕೊಂಡು ನಡೆದಳು. ಚೀಲ ಸುರುವಿದಾಗ ನಿಂತು ನೋಡಿದ್ದವರು ಒಬ್ಬೊಬ್ಬರಾಗಿ ಪಕ್ಕಕ್ಕೆ ಸರಿದರು. ಅವಳು ಅವರಲ್ಲಿ ಒಬ್ಬರ ಮುಖವನ್ನೂ ನೋಡಲಿಲ್ಲ.