ಕಣ್ಣಿನಲ್ಲಿ ಬಿಳಿ ಉಂಗುರ

ಮಾರ್ಚ್ 11, ಸೋಮವಾರ, ಬೆಳಿಗ್ಗೆ 8.20. ಸೆಬು ದ್ವೀಪದ ಕರಾವಳಿಯ ಪೊಲೀಸ್ ಠಾಣೆಗೆ ಫೆಲೀಸಾ ಓಂಪಾದ್ ಎಂಬ ಹೆಂಗಸು ಬಂದು, ಹೆಬ್ಬೆರಳುದ್ದದ ಪ್ಲಾಸ್ಟಿಕ್ ಬಾಟಲಿಯೊಂದನ್ನು ಮೇಜಿನ ಮೇಲೆ ಕುಕ್ಕಿದಳು. ಅದರ ಚೀಟಿಯನ್ನು ಯಾರೋ ಕೆರೆದು ತೆಗೆದಿದ್ದರು.

“ನನ್ನ ಗಂಡನ ಒಂದು ಕಣ್ಣು ಕಿತ್ಕೊಂಡಿದಾರೆ. ಇನ್ನೊಂದು ಹೋಗೋದ್ರೊಳಗೆ ಬರ್ಕೊಳ್ಳಿ.”

“ಯಾರು ಕಿತ್ಕೊಂಡಿದ್ದು?” ಕಾನ್‌ಸ್ಟೆಬಲ್ ತುದ್ತುದ್ ಕೇಳಿದ.

“ಅದು ಗೊತ್ತಿದ್ರೆ ಇಲ್ಲಿಗ್ಯಾಕೆ ಬರ್ತಿದ್ದೆ? ಮಚ್ಚು ತಗೊಂಡು ಅಲ್ಲಿಗೇ ಹೋಗ್ತಿದ್ದೆ.”

ಇನ್ಸ್‌ಪೆಕ್ಟರ್ ರೊಸೆಂಡಾ ಕಬಹುಗ್ ತಾವೇ ಕುಳಿತು ದೂರು ಬರೆದುಕೊಂಡರು. ಗಂಡ ನೆಸ್ತೋರಿಯೊ, 38 ವರ್ಷ, ಹಡಗು ಕಟ್ಟುವ ಅಂಗಳದಲ್ಲಿ ವೆಲ್ಡರ್. ಮೂರು ವಾರದ ಹಿಂದೆ ಬಲಗಣ್ಣಿಗೆ ಕಬ್ಬಿಣದ ಚೂರು ಸಿಡಿದಿತ್ತು. ವೆಲ್ಡಿಂಗ್ ಬೆಳಕಿಗೆ ಎರಡೂ ಕಣ್ಣು ಊದಿದ್ದವು. ಆದರೂ ಒಂದು ದಿನ ರಜೆ ಹಾಕಲಿಲ್ಲ. ಈಗ ಆಸ್ಪತ್ರೆಯಲ್ಲಿದ್ದಾನೆ. ಬಾಟಲಿ ಆ ದಿನ ಬೆಳಿಗ್ಗೆ ಅವನ ದಿಂಬಿನಡಿ ಸಿಕ್ಕಿತ್ತು. 9.05ಕ್ಕೆ ಎಫ್‌ಐಆರ್ ದಾಖಲಾಯಿತು.

10.15ಕ್ಕೆ ರೊಸೆಂಡಾ ಆಸ್ಪತ್ರೆಯಲ್ಲಿದ್ದರು. ಕಣ್ಣಿನ ವೈದ್ಯೆ ಲುರ್ದೆಸ್ ಸೀ ಬಾಟಲಿ ನೋಡಿ ಹಲ್ಲು ಕಚ್ಚಿದರು.

“ಕಬ್ಬಿಣದ ಚೂರು ಹತ್ತು ನಿಮಿಷದ ಕೆಲಸ ಇನ್ಸ್‌ಪೆಕ್ಟರ್. ಕಣ್ಣು ಮರಗಟ್ಟಿಸ್ತೀವಿ, ಸೂಜಿ ತುದೀಲಿ ತೆಗೀತೀವಿ, ಸೋಂಕಾಗದ ಹಾಗೆ ಔಷಧಿ ಕೊಡ್ತೀವಿ. ಮೂರು ದಿನಕ್ಕೆ ಮಾಯುತ್ತೆ. ಇವನ ಕಣ್ಣಲ್ಲಿ ಉಂಗುರದ ಹಾಗೆ ಬಿಳಿ ಹುಣ್ಣಿದೆ. ಆ ಮರಗಟ್ಟಿಸೋ ಹನೀನ ದಿನಾ ಹಾಕ್ಕೊಂಡವರಿಗೆ ಹೀಗಾಗುತ್ತೆ. ನೋವೂ ಹೋಗುತ್ತೆ, ಗಾಯ ಮಾಯೋ ಶಕ್ತೀನೂ ಹೋಗುತ್ತೆ. ಬಲಗಣ್ಣು ತೂತಾಗಿದೆ. ಎಡಗಣ್ಣು ಉಳೀಬೇಕಾದ್ರೆ ಇನ್ನೊಂದು ಹನಿ ಬೀಳ್ಬಾರದು.”

“ಬಾಟಲಿ ನಮ್ಮ ಕೈಲಿದೆಯಲ್ಲ?”

“ಇವನು ಇಲ್ಲಿಗೆ ಬಂದು ಐದು ದಿನ ಆಯ್ತು, ಒಮ್ಮೆಯೂ ಅಯ್ಯೋ ಅಂದಿಲ್ಲ. ಈ ಹುಣ್ಣಿಗೆ ಗೋಡೆಗೆ ತಲೆ ಚಚ್ಕೋಬೇಕು. ಯಾರೋ ತಂದು ಕೊಡ್ತಾನೇ ಇದಾರೆ. ಈ ಔಷಧೀನ ತಣ್ಣಗಿಡಬೇಕು, ಇಲ್ಲಾಂದ್ರೆ ಕೆಡುತ್ತೆ. ಅಷ್ಟು ಗೊತ್ತಿರೋನೇ ತರ್ತಿದಾನೆ.”

ನೆಸ್ತೋರಿಯೊ ಗೋಡೆಯತ್ತ ತಿರುಗಿ ಮಲಗಿದ್ದ.

“ಯಾರು ಕೊಟ್ಟಿದ್ದು?” ರೊಸೆಂಡಾ ಕೇಳಿದರು.

“ದೇವರು.”

“ದೇವರು ಚೀಟಿ ಕೆರೆದು ಕೊಡ್ತಾನಾ?”

ಅವನು ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಂಡ.

“ಎಡಗಣ್ಣೂ ಬೇಡ್ವಾ ನಿಂಗೆ?”

“ನಾನು ಬಾಯಿ ಬಿಟ್ರೆ ಎಲ್ಲರ ಹಂದಿ ಹೋಗುತ್ತೆ ಮ್ಯಾಡಂ.”

ಅದರ ಅರ್ಥ ಮಧ್ಯಾಹ್ನ 2.00ಕ್ಕೆ ಹಡಗಿನ ಅಂಗಳದ ಬಾಗಿಲಲ್ಲೇ ಸಿಕ್ಕಿತು. ಆಳೆತ್ತರದ ಬೋರ್ಡು: ‘ಗಾಯವಿಲ್ಲದೆ 711 ದಿನ’. 730 ಮುಟ್ಟಿದರೆ ಇನ್ನೂರು ಸಂಸಾರಗಳಿಗೆ ಕೆಂಡದಲ್ಲಿ ಸುಟ್ಟ ಹಂದಿಯ ಔತಣ. ಯಾರದಾದರೂ ಗಾಯ ದಾಖಲಾದರೆ ಲೆಕ್ಕ ಮತ್ತೆ ಸೊನ್ನೆಗೆ ಬರುತ್ತದೆ. ಸೊನ್ನೆಯ ಕೆಳಗೆ ಕೆಂಪು ಬಣ್ಣದಲ್ಲಿ ಒಂದು ಹೆಸರು ಬರೆಯುತ್ತಾರೆ. ರಕ್ಷಣಾ ಕನ್ನಡಕ ಕೊಡದ ಮಾಲೀಕನ ಹೆಸರಲ್ಲ, ಗಾಯವಾದವನ ಹೆಸರು. ಕಣ್ಣು ಕಳೆದುಕೊಂಡವನೇ ಕಳ್ಳ.

ಸುರಕ್ಷತಾ ಮೇಲ್ವಿಚಾರಕ ಹೆರ್ಮೋ ಬಕಾಲ್ಸೊ, ಐವತ್ತರ ಆಸುಪಾಸಿನವನು, ಕಾಫಿ ತರಿಸಿದ.

“ಇಲ್ಲಿ ಯಾರಿಗೂ ಏನೂ ಆಗಿಲ್ಲ ಮ್ಯಾಡಂ. ಕೋಳಿ ಅಂಕಕ್ಕೆ ಹೋಗಿದ್ದಾಗ ಹುಂಜ ಕುಕ್ಕಿರ್ಬೇಕು.”

“ಎರಡೂ ಕಣ್ಣಿಗಾ? ಭಾರಿ ಶಿಸ್ತಿನ ಹುಂಜ.”

ಆಗ ಗಾಳಿ ಬೀಸಿ ಕಬ್ಬಿಣದ ಧೂಳೆದ್ದಿತು. ತುದ್ತುದ್ ಕಣ್ಣುಜ್ಜುತ್ತ ಕುಕ್ಕರಿಸಿದ. ಎದುರಿಗಿದ್ದ ವೆಲ್ಡರುಗಳಲ್ಲಿ ಐವರು ರೆಪ್ಪೆಯನ್ನೇ ಬಡಿಯಲಿಲ್ಲ. ಧೂಳು ಕಣ್ಣೊಳಗೆ ಹೋದದ್ದು ಅವರಿಗೆ ತಿಳಿಯಲೇ ಇಲ್ಲ. ರೊಸೆಂಡಾ ಸಮಯ ಸಮೇತ ಅದನ್ನು ಬರೆದುಕೊಂಡರು. ಕೇಳಿದರೆ ಐವರೂ ಬೆನ್ನು ತಿರುಗಿಸಿ ಕೆಲಸಕ್ಕೆ ಹೋದರು.

ಸಂಜೆ 5.00. ಆಸ್ಪತ್ರೆಯ ಭೇಟಿ ಪುಸ್ತಕದಲ್ಲಿ ಐದೂ ದಿನ ಮಧ್ಯಾಹ್ನ 12.30ಕ್ಕೆ ಒಂದೇ ನಮೂದು: ‘ಚಿಕ್ಕಪ್ಪ’.

“ಯಾವ ಚಿಕ್ಕಪ್ಪ?” ಫೆಲೀಸಾ ಹುಬ್ಬು ಗಂಟಿಕ್ಕಿದಳು. “ಇದ್ದೊಬ್ಬ ಸಮುದ್ರಕ್ಕೆ ಹೋದವನು ಬಂದೇ ಇಲ್ಲ. ಅದು ಅಂಗಳದ ಹೆರ್ಮೋ ಅಣ್ಣ ಇರ್ಬೇಕು, ಸ್ವಂತ ಅಣ್ಣನ ಹಾಗೆ ದಿನಾ ಮೀನಿನ ಸಾರು ತರ್ತಾನೆ. ಒಳ್ಳೆ ಮನುಷ್ಯ. ಆದ್ರೆ ಸಾರು ಐಸಿನ ಹಾಗಿರುತ್ತೆ, ನಾಯೀನೂ ಮೂಸಲ್ಲ.”

ರೊಸೆಂಡಾ ಪೆನ್ನು ಕೆಳಗಿಟ್ಟರು.

ಮಾರ್ಚ್ 12, ಮಧ್ಯಾಹ್ನ 12.20. ನೆಸ್ತೋರಿಯೊನ ಪಕ್ಕದ ಮಂಚದಲ್ಲಿ ತುದ್ತುದ್ ರೋಗಿಯ ವೇಷದಲ್ಲಿ, ಅರ್ಧ ಮುಖ ಮುಚ್ಚುವಂತೆ ಒಂದು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಮಲಗಿದ್ದ.

“ಒಂದೇ ಕಣ್ಣಲ್ಲಿ ನೋಡಿದ್ರೆ ನಿಮ್ಮ ಸಿಟ್ಟು ಅರ್ಧ ಕಮ್ಮಿ ಕಾಣುತ್ತೆ ಮ್ಯಾಡಂ.”

“ಬಾಯಿಗೂ ಕಟ್ಟಿಸ್ಲಾ?” ಎಂದು ರೊಸೆಂಡಾ ಪರದೆಯ ಹಿಂದೆ ಸರಿದರು.

ಬಕಾಲ್ಸೊ ಬಂದ. ಫ್ಲಾಸ್ಕಿನಿಂದ ಸಾರಿನ ಚೀಲ ಎತ್ತಿ, ಅದರಡಿಯ ಐಸಿನಲ್ಲಿ ಕೈಯಾಡಿಸಿ ಬಾಟಲಿ ತೆಗೆದ.

“ಬಾಯಿ ಬಿಟ್ಟಿಲ್ಲ ತಾನೆ? ಇನ್ನು ಹದಿನೆಂಟೇ ದಿನ ಕಣೋ ತಮ್ಮ. ತಲೆ ಎತ್ತು.”

ಹನಿ ಬೀಳುವ ಮೊದಲೇ ತುದ್ತುದ್ ಅವನ ಮಣಿಕಟ್ಟು ಹಿಡಿದ. 12.41ಕ್ಕೆ ಬಂಧನವಾಯಿತು. ಊರಿನ ವಾರ್ಡಿನ ಇಬ್ಬರು ಚುನಾಯಿತ ಸದಸ್ಯರ ಎದುರು ಪಂಚನಾಮೆ ನಡೆಯಿತು. ಅಂಗಳದ ಅವನ ಕೋಣೆಯ ಫ್ರಿಜ್‌ನಲ್ಲಿ ಚೀಟಿ ಕೆರೆದ ಇನ್ನೂ ಮೂವತ್ತೊಂದು ಬಾಟಲಿ ಸಿಕ್ಕವು. ರೆಪ್ಪೆ ಬಡಿಯದ ಐವರನ್ನು ಆಸ್ಪತ್ರೆಗೆ ಕಳಿಸಿದರು. ಮೂವರ ಕಣ್ಣಲ್ಲಿ ಆಗಲೇ ಬಿಳುಪು ಕಟ್ಟಿತ್ತು. ಮಾಲೀಕನನ್ನೂ ಆರೋಪಿಯಾಗಿಸಬೇಕೆಂದು ರೊಸೆಂಡಾ ಮೇಲಿನವರಿಗೆ ಪತ್ರ ಬರೆದರು. ಬಂದ ಉತ್ತರ ಒಂದೇ ಸಾಲು: ಪರಿಶೀಲನೆಯಲ್ಲಿದೆ.

ಮರಗಟ್ಟಿಸುವ ಹನಿ ನಿಂತ ಮೇಲೆ ನೆಸ್ತೋರಿಯೊ ನೋವಿಗೆ ಎರಡು ದಿನ ಕಿರುಚಿದ. ಫೆಲೀಸಾ ಅವನ ಎರಡೂ ಕೈಗಳನ್ನು ತನ್ನ ಮಡಿಲಲ್ಲಿ ಅದುಮಿ ಹಿಡಿದಿದ್ದಳು.

“ಕೂಗು. ಇನ್ನೂ ಕೂಗು. ಮೂರು ವಾರ ಬಾಯಿ ಮುಚ್ಕೊಂಡಿದ್ದು ಸಾಕು.”

14ರಂದು, ಎಡಗಣ್ಣಿನ ಹುಣ್ಣು ಅಂಚಿನಿಂದ ಮಾಯತೊಡಗಿದೆ, ದೃಷ್ಟಿ ಉಳಿಯುವ ಸಂಭವವಿದೆ ಎಂದು ವೈದ್ಯೆ ಬರೆದುಕೊಟ್ಟರು.

ಅದೇ ದಿನ ಸಂಜೆ 4.00ಕ್ಕೆ ಬಕಾಲ್ಸೊ ಹೇಳಿಕೆ ಕೊಟ್ಟ.

“ನಾನೂ ವೆಲ್ಡರ್ ಆಗಿದ್ದೆ. ಒಂಬತ್ತು ವರ್ಷದ ಹಿಂದೆ ನನ್ನ ಕಣ್ಣಿಗೂ ಚೂರು ಬಿತ್ತು. ಔತಣಕ್ಕೆ ಒಂದೇ ದಿನ ಬಾಕಿ, ಹಂದಿಗಳನ್ನ ಆಗ್ಲೇ ತಂದು ಕಟ್ಟಿದ್ರು. ನಾನು ಆಸ್ಪತ್ರೆಗೆ ಹೋದೆ. ಹಂದಿಗಳು ವಾಪಸ್ ಹೋದ್ವು. ಆಮೇಲೆ ಊಟಕ್ಕೆ ಯಾರೂ ನನ್ನ ಪಕ್ಕ ಕೂರ್ಲಿಲ್ಲ. ಮಗಳ ಜ್ಞಾನಸ್ನಾನಕ್ಕೆ ಧರ್ಮತಂದೆ ಆಗೋಕೆ ಅಂಗಳದ ಒಬ್ಬನೂ ಬರ್ಲಿಲ್ಲ. ಪಾದ್ರಿಗಳು ರಸ್ತೇಲಿ ಹೋಗ್ತಿದ್ದ ಗಾಡಿಯವನನ್ನ ಕರ್ದು ನಿಲ್ಸಿದ್ರು. ಆ ಗತಿ ಇನ್ಯಾರಿಗೂ ಬೇಡ ಅಂದ್ಕೊಂಡೆ.”

“ಆ ಕಣ್ಣು ಏನಾಯ್ತು?” ರೊಸೆಂಡಾ ಕೇಳಿದರು.



“ಮೂರೇ ದಿನಕ್ಕೆ ವಾಸಿಯಾಯ್ತು ಮ್ಯಾಡಂ. ಈಗ್ಲೂ ಸೂಜಿಗೆ ದಾರ ಪೋಣಿಸ್ತೀನಿ.”

ರೊಸೆಂಡಾ ಆ ಮಾತನ್ನೂ ಬರೆದುಕೊಂಡು, ಅದರ ಕೆಳಗೇ ಅವನ ಸಹಿ ಹಾಕಿಸಿಕೊಂಡರು.