ನಾಲ್ಕನೇ ಮನೆಯ ಹಸಿ ನೆಲ

"ಯಾರೂ ಒಳಗೆ ಕಾಲಿಡ್ಬೇಡಿ!"

ಅಪ್ಪ ಕೂಗಿದ ರಭಸಕ್ಕೆ ಶರಾವತಿ ಬುತ್ತಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತಳು.

"ಎಂತ ಆಯ್ತಪ್ಪಾ?"

ಅಪ್ಪ, ಮೇಸ್ತ್ರಿ ವಾಸಪ್ಪ, ನೆಲ ತೋರಿಸಿದ. ಬೆಳಿಗ್ಗೆ ತಿಕ್ಕಿ ನುಣ್ಣಗೆ ಮಾಡಿದ್ದ ಕೆಂಪು ಗಾರೆ ಇನ್ನೂ ಹಸಿಯಾಗಿತ್ತು. ಅದರ ಮೇಲೆ ಬರಿಗಾಲಿನ ಒಂದು ಹೆಜ್ಜೆ. ಪಕ್ಕದಲ್ಲಿ ಏನನ್ನೋ ಎಳೆದ ಹಾಗೆ ಉದ್ದನೆಯ ಗೀರು. ಮತ್ತೆ ಹೆಜ್ಜೆ, ಮತ್ತೆ ಗೀರು. ಅಡುಗೆಮನೆ ಕಡೆಗೆ ಹೋಗಿತ್ತು. ವಾಪಸು ಬಂದ ಗುರುತೇ ಇಲ್ಲ.

"ನಾ ಆವತ್ತೇ ಹೇಳಿದ್ದೆ," ಕೆಲಸದ ಮಂಜಯ್ಯ ಹಿಂದೆ ಸರಿದ. "ಹೊಸ್ತಿಲಿಲ್ಲದ ಮನೆಗೆ ಅವು ಸಲೀಸಾಗಿ ಬತ್ತವೆ ಮಾರಾಯ್ರೆ."

ಅದು ಡ್ಯಾಮ್ ಕಟ್ಟುವಾಗ ಕೂಲಿಯವರಿಗಾಗಿ ಕಟ್ಟಿದ್ದ ಸಾಲುಮನೆ. ಹಿನ್ನೀರಿನ ದಡದಲ್ಲಿ ಹದಿನೈದು ವರ್ಷ ಹಾಳು ಬಿದ್ದಿತ್ತು. ಈಗ ಊರಿನವರೇ ಸೇರಿ ಟ್ರಸ್ಟ್ ಮಾಡಿಕೊಂಡು ರಿಪೇರಿ ಮಾಡಿಸುತ್ತಿದ್ದರು. ಮನೆಯಿಲ್ಲದವರಿಗೆ ಕಡಿಮೆ ಬಾಡಿಗೆಗೆ ಕೊಡುವುದಕ್ಕೆ. ನಾಲ್ಕನೇ ಮನೆ ಮಾತ್ರ ಬೇರೆ ಥರ. ಅದಕ್ಕೆ ಮೆಟ್ಟಿಲಿಲ್ಲ, ಇಳಿಜಾರು ದಾರಿ. ಹೊಸ್ತಿಲಿಲ್ಲ. ಗೋಡೆಯುದ್ದಕ್ಕೂ ಹಿಡಿದುಕೊಳ್ಳಲು ಮರದ ಪಟ್ಟಿ. ನಡೆಯಲು ಕಷ್ಟ ಇರುವವರಿಗೆ ಅಂತ ಟ್ರಸ್ಟಿನ ವರದಮ್ಮ ಟೀಚರ್ ಹಟ ಹಿಡಿದು ಮಾಡಿಸಿದ್ದರು.

ವಾಸಪ್ಪ ನೆಲ ನೋಡಿದ. ಆಮೇಲೆ ಮಗಳ ಎಡಗಾಲು ನೋಡಿದ. ಮೂರು ವರ್ಷದವಳಿದ್ದಾಗ ಪೋಲಿಯೊ ಬಂದು ಸೋತ ಕಾಲು ಅದು. ಎಳೆದುಕೊಂಡೇ ನಡೆಯಬೇಕು. ಹಸಿ ಗಾರೆಯಲ್ಲಿ ಹೆಜ್ಜೆ ಹರಡಿಹೋಗಿ ಎಡಗಾಲೋ ಬಲಗಾಲೋ, ದೊಡ್ಡವರದೋ ಚಿಕ್ಕವರದೋ ಗೊತ್ತಾಗುತ್ತಿರಲಿಲ್ಲ.

"ಶರೂ, ನೀನೇನಾದ್ರೂ..."

"ಇಲ್ಲಪ್ಪಾ! ನಾ ಈಗ ತಾನೇ ಬಂದೆ!"

ಎಲ್ಲರೂ ಅವಳ ಕಾಲನ್ನೇ ನೋಡಿದರು. ಶರಾವತಿಯ ಕಣ್ಣು ತುಂಬಿತು.

ಮಾರನೇ ದಿನ ಮಂಜಯ್ಯ ಕೆಲಸಕ್ಕೆ ಬರಲಿಲ್ಲ. ದೆವ್ವಕ್ಕೆ ಹೆದರಿ ಸಿಗಂದೂರು ದೇವಿಗೆ ಹರಕೆ ಹೊತ್ತುಕೊಂಡನಂತೆ. ಇಡೀ ಮನೆಯ ಕೆಲಸ ನಿಂತಿತು.

ಮಧ್ಯಾಹ್ನ ಅಪ್ಪ ಊಟ ಮಾಡಿ ಮರದ ಕೆಳಗೆ ಮಲಗಿದ. ಶರಾವತಿ ಒಬ್ಬಳೇ ನಾಲ್ಕನೇ ಮನೆಗೆ ಹೋಗಿ ಬಾಗಿಲ ಹಿಂದೆ ನಿಂತಳು. ಯಾರು ಅಂತ ನೋಡಲೇಬೇಕಿತ್ತು.

ಹೊರಗೆ ಸುಡು ಬಿಸಿಲು, ಒಳಗೆ ಬಾವಿಯಂಥ ತಂಪು. ಸುಣ್ಣದ ವಾಸನೆ. ಅಷ್ಟು ಹೊತ್ತು ಕಿರುಗುಟ್ಟುತ್ತಿದ್ದ ಜೀರುಂಡೆಗಳು ಒಮ್ಮೆಲೇ ಸುಮ್ಮನಾದವು.

ಧಪ್. ಸರ್‍ರ್...

ಹಿತ್ತಿಲ ಬಾಗಿಲು ತಾನಾಗಿಯೇ ತೆರೆಯಿತು.

ಧಪ್. ಸರ್‍ರ್...

ಗೋಡೆಯ ಮೇಲೆ ಒಂದು ನೆರಳು ಓಲಾಡುತ್ತಾ ಬಂತು. ತಲೆ ತುಂಬ ಕೆದರಿದ ಕೂದಲು. ಶರಾವತಿ ಗೋಡೆಗೆ ಅಂಟಿಕೊಂಡಳು. ಓಡೋಣವೆಂದರೆ ಓಡಲು ಬರುವುದಿಲ್ಲ. ಕಣ್ಣು ಮುಚ್ಚಿಕೊಂಡಳು.

ಧಪ್. ಸರ್‍ರ್...

ಈ ಸದ್ದು ಅವಳಿಗೆ ಗೊತ್ತು. ಒಂದು ಕಾಲು ನಡೆಯುತ್ತದೆ, ಇನ್ನೊಂದು ಹಿಂದಿನಿಂದ ಬರುತ್ತದೆ. ದಿನಾ ಕೇಳುವ ಸದ್ದು. ತನ್ನದೇ ಸದ್ದು.

ಕಣ್ಣು ಬಿಟ್ಟಳು.

"ಯಾರು?"

ನೆರಳು ಬೆಚ್ಚಿತು. "ಅಯ್ಯೋ, ಕೂಗ್ಬೇಡ ಮಗಾ!"

ಮೇಲಿನಕೇರಿಯ ಕೆರಿಯಮ್ಮಜ್ಜಿ! ಎರಡು ವರ್ಷದ ಹಿಂದೆ ಲಕ್ವ ಹೊಡೆದು ಅವರ ಬಲಗಾಲು ಸೋತಿತ್ತು.

"ಅಜ್ಜೀ, ನೀವಾ? ನಿನ್ನೆ ಹಸಿ ನೆಲ ತುಳಿದಿದ್ದೂ ನೀವಾ?"

"ನಂಗೆ ಕಣ್ಣು ಮಂಜು. ಹಸಿ ಅಂತ ಗೊತ್ತಾಗ್ಲಿಲ್ಲ. ಹೆದರಿ ಹಿತ್ತಿಲಿಂದ ಹೋದೆ." ಅಜ್ಜಿ ಮರದ ಪಟ್ಟಿ ಹಿಡಿದು ಉಸಿರು ತೆಗೆದುಕೊಂಡರು. "ಈ ಮನೆ ನಂಗೆ ಬೇಕು ಅಂತ ಕೇಳ್ಬೇಕು. ಆದ್ರೆ ಒಬ್ಬಳೇ ಇರಕ್ಕಾಗಲ್ಲ ಅಂತಾನೆ ನನ್ನ ತಮ್ಮನ ಮಗ ಜಯಪ್ಪ. ಆಗತ್ತೋ ಇಲ್ವೋ ನೋಡೋಣ ಅಂತ ಬತ್ತೀನಿ. ಬಿದ್ರೂ ಯಾರೂ ನೋಡ್ಬಾರ್ದಲ್ಲ. ಭಾನುವಾರ ಟ್ರಸ್ಟಿನವರು ಮನೆ ಹಂಚ್ತಾರೆ, ಅಲ್ಲೀ ತನಕ ಯಾರಿಗೂ ಹೇಳ್ಬೇಡ ಮಗಾ."

ಶರಾವತಿ ತಲೆಯಾಡಿಸಿದಳು.

ಸಂಜೆ ಅವಳೇ ಅಪ್ಪನ ಹತ್ತಿರ ಹೋದಳು.

"ಅಪ್ಪಾ, ದೆವ್ವ ಅಲ್ಲ. ನಾನೇ ತುಳಿದಿದ್ದು."

"ನಿನ್ನೇನೇ ಹೇಳೋಕೆ ಎಂತ ಆಗಿತ್ತು ನಿಂಗೆ?" ವಾಸಪ್ಪ ಚೆನ್ನಾಗಿಯೇ ಬೈದ. ಮಂಜಯ್ಯನಿಗೆ ಹೇಳಿ ಕಳಿಸಿದ. ಬೈಸಿಕೊಂಡರೂ ಶರಾವತಿಗೆ ಈ ಸಲ ಅಳು ಬರಲಿಲ್ಲ.

ಭಾನುವಾರ ಟ್ರಸ್ಟಿನವರೆಲ್ಲ ನಾಲ್ಕನೇ ಮನೆಯಲ್ಲೇ ಸೇರಿದರು. ಆ ಮನೆ ಯಾರಿಗೆ ಎನ್ನುವಾಗ ಕೆರಿಯಮ್ಮಜ್ಜಿ ಎದ್ದರು.

"ನಂಗೆ ಕೊಡಿ."

"ಅತ್ತೇ, ನಿಮಗೆ ನಡೆಯೋಕೇ ಆಗಲ್ಲ," ಎಂದ ಜಯಪ್ಪ.

"ನೋಡು."

ಅಜ್ಜಿ ಬಾಗಿಲಿನಿಂದ ಹೊರಟರು. ಒಂದು ಹೆಜ್ಜೆ. ಎರಡು. ಕೋಣೆ ತುಂಬ ಜನ. ಎಲ್ಲರ ಕಣ್ಣೂ ಆ ಒಂದು ಕಾಲಿನ ಮೇಲೆ. ನಡುಮನೆಯ ಮಧ್ಯದಲ್ಲಿ ಕಾಲು ನಿಂತೇಹೋಯಿತು. ಅಜ್ಜಿ ಮರದ ಪಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು.

ಇಷ್ಟು ಕಣ್ಣು ಬಿದ್ದರೆ ಕಾಲು ಎಷ್ಟು ಭಾರ ಆಗುತ್ತದೆ ಅಂತ ಆ ಕೋಣೆಯಲ್ಲಿ ಇನ್ನೊಬ್ಬಳಿಗೆ ಮಾತ್ರ ಗೊತ್ತಿತ್ತು.

"ಅಲ್ನೋಡಿ, ಲಾಂಚು! ಮುಳುಗ್ತಾ ಇದೆ!" ಶರಾವತಿ ಕಿಟಕಿಯ ಕಡೆ ಕೈ ಮಾಡಿ ಕಿರುಚಿದಳು.

ಎಲ್ಲರೂ ಕಿಟಕಿಗೆ ನುಗ್ಗಿದರು. ಹಿನ್ನೀರು ಬಿಸಿಲಿಗೆ ಸುಮ್ಮನೆ ಹೊಳೆಯುತ್ತಿತ್ತು.

"ಎಲ್ಲೇ ಲಾಂಚು?" ವರದಮ್ಮ ಟೀಚರ್ ತಿರುಗಿದರು. ಅಷ್ಟರಲ್ಲಿ ಅಜ್ಜಿ ಅಡುಗೆಮನೆಯಲ್ಲಿ ಒಲೆಕಟ್ಟೆಯ ಮೇಲೆ ಕೈಯೂರಿ ನಿಂತಿದ್ದರು.

"ಇನ್ನು ಬಚ್ಚಲು ನೋಡ್ತೀನಿ," ಎಂದರು.

ಎಲ್ಲರೂ ಅವರ ಹಿಂದೆ ಹೋದರು. ಶರಾವತಿ ಹೋಗಲಿಲ್ಲ, ತನ್ನ ಕಣ್ಣೂ ಆ ಕಾಲಿನ ಮೇಲೆ ಬೀಳಬಾರದೆಂದು ತಿರುಗಿಯೂ ನೋಡಲಿಲ್ಲ. ಖಾಲಿ ನೀರನ್ನು ನೋಡುತ್ತಾ ಕಿಟಕಿಯ ಹತ್ತಿರವೇ ನಿಂತಳು.